ಉಪ್ಪು ನೀರು ಮತ್ತು ಒಂದು ಹಲಗೆ

ರವಿಕೆಯ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ತಲೆಯೊಳಗೆ ಯಾರೋ ಕುದಿಯುವ ನೀರು ಹೊಯ್ದ ಹಾಗಾಯಿತು... ಕತ್ತರಿ ಕೈಯಿಂದ ಜಾರಿತು.

ಕಣ್ಣು ಬಿಟ್ಟರೆ ಆಸ್ಪತ್ರೆ. ಮೆದುಳಿನ ರಕ್ತನಾಳ ಒಡೆದಿತ್ತಂತೆ, ಆಪರೇಷನ್ ಮಾಡಿ ಮುಚ್ಚಿಯೂ ಆಗಿತ್ತಂತೆ.

ಹೇಳಿದ್ದೆಲ್ಲ ಕೇಳುತ್ತದೆ, ಅರ್ಥವೂ ಆಗುತ್ತದೆ. ಮಾತು ಮಾತ್ರ ಇಲ್ಲ.

ಬಸ್ರೂರಿನ ನನ್ನ ಟೈಲರ್ ಅಂಗಡಿಗೆ ಬಂದವರು ನನ್ನ ಬಾಯಿಗೆ ಹೆದರಿಯೇ ಬೇಗ ಅಳತೆ ಕೊಟ್ಟು ಹೋಗುತ್ತಿದ್ದರು. ಅಂಥವಳು ಈಗ 'ನೀರು' ಎನ್ನಲೂ ಆಗದೆ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದೆ. ತುಂಬಾ ಹೆದರಿದ್ದೆ.

ಅದು ೨೦೧೨ರ ಚಳಿಗಾಲ. ನಾನು ನಿದ್ದೆಯಲ್ಲಿದ್ದೇನೆ ಅಂದುಕೊಂಡು ಡಾಕ್ಟರಮ್ಮ ಮಂಚದ ಪಕ್ಕ ನಿಂತು ಅಬ್ಬಿಗೆ, ಅಂದರೆ ನನ್ನ ತಾಯಿಗೆ, ವಿವರಿಸುತ್ತಿದ್ದರು.

ಅಪಾಯ ಇನ್ನೂ ಮುಗಿದಿಲ್ಲವಂತೆ. ನಾಳಗಳು ಸೆಟೆದುಕೊಂಡರೆ ಮೆದುಳಿನ ಜೀವಕೋಶಗಳಿಗೆ ರಕ್ತ ಸಿಗುವುದಿಲ್ಲ. ಆಗ ಕಂಗಾಲಾದ ಕೋಶದ ಬಾಗಿಲುಗಳು ತೆರೆದುಕೊಂಡು ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ.

ಹದವಾಗಿದ್ದರೆ ಕೋಶ ಬದುಕುವುದೇ ಆ ಕ್ಯಾಲ್ಸಿಯಂನಿಂದ. ಮಿತಿಮೀರಿದರೆ ಕೋಶ ತನ್ನನ್ನು ತಾನೇ ಕರಗಿಸಿಕೊಂಡು ಸಾಯುತ್ತದೆ. ಆ ಬಾಗಿಲಿಗೆ ಕ್ಯಾಲ್ಸಿಯಂ ಚಾನೆಲ್ ಅನ್ನುತ್ತಾರೆ, ಅದನ್ನು ತಡೆಯುವ ಮಾತ್ರೆ ಇದು, ಒಂದು ಹೊತ್ತೂ ತಪ್ಪಬಾರದು ಎಂದರು.

ನಾನು ಅದನ್ನು ಕೇಳುತ್ತಾ ಕೇಳುತ್ತಾ ನಮ್ಮ ಗದ್ದೆಗೆ ಹೋಗಿಬಿಟ್ಟೆ.

ನಮ್ಮ ಹೊಳೆಗೆ ಸಮುದ್ರ ಏರಿ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿ, ಸಂದಿಗೆ ಮಣ್ಣು ಮೆತ್ತಬೇಕು. ಇಲ್ಲದಿದ್ದರೆ ಉಬ್ಬರದ ಉಪ್ಪು ನೀರು ಗದ್ದೆಗೆ ಹೊಕ್ಕು ಸುಗ್ಗಿ ಬೆಳೆ ಕರಟಿ ಹೋಗುತ್ತದೆ.

ಅರೆ ಎಚ್ಚರದಲ್ಲಿ ನಾನು ಅದೇ ಬದುವಿನ ಮೇಲೆ ಮಲಗಿದ್ದೆ. ನೀರು ಸದ್ದಿಲ್ಲದೆ ಏರುತ್ತಿದೆ... ಒಂದೊಂದು ಸಸಿಯ ಬುಡದಲ್ಲಿ ನನ್ನದೊಂದೊಂದು ಶಬ್ದ. ಗುಂಡಿ, ಸೂಜಿ, ಮಗಳ ಹೆಸರು... ಎಲ್ಲ ಬೆಳ್ಳಗಾಗುತ್ತಾ ಬಾಗುತ್ತಿವೆ. ನೋವೇನೂ ಇರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕೆಲವು ದಿನ ಕಳೆದು ಮನೆಗೆ ಕಳಿಸಿದರು. ಉಳಿದ ಮಾತ್ರೆ ಮನೆಯಲ್ಲೇ ಮುಗಿಸಬೇಕಿತ್ತು. ಮನೆಯವರು ಕೆಲಸಕ್ಕೆ, ಮಗಳು ಶಾಲೆಗೆ, ಹಗಲಿಗೆ ಅಬ್ಬಿಯೇ ನನ್ನ ನರ್ಸು.

ಒಂದು ಬೆಳಿಗ್ಗೆ ಮಾತ್ರೆ ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಗಂಜಿ ಬಂತು, ಚಟ್ನಿ ಬಂತು, ಮಾತ್ರೆ ಇಲ್ಲ.

ನಾನು ಕೈ ಚಾಚಿ ಚಾಚಿ ತೋರಿಸಿದೆ. ಅಬ್ಬಿ ಹತ್ತಿರ ಕೂತು, 'ಹೆಣೆ', ಅಂದರೆ ಹುಡುಗಿ, ಎಂದು ಕರೆದು ತಲೆ ನೇವರಿಸಿದಳು.

"ಕ್ಯಾಲ್ಸಿಯಂ ಒಳ್ಗ್ ಹೊಕ್ರೆ ಸಾಯ್ತ್ ಅಂದ್ರ್. ಕಡಿಗ್ ಕ್ಯಾಲ್ಸಿಯಂ ಮಾತ್ರೆಯೇ ಬರ್ದ್ ಕೊಟ್ರ್. ಅವ್ರ್ ತಲಿ ಸಮ ಇತ್ತಾ? ಸೊಂಟ ನೋವಿಗ್ ನಾನ್ ತಿಂಬುದೂ ಅದೇ ಅಲ್ದಾ ಹೆಣೆ. ನಿಂಗ್ ಅದ್ ಬ್ಯಾಡ."

ನನ್ನನ್ನು ಕೊಲ್ಲುವ ಮಾತ್ರೆಯನ್ನು ತಾನು ತಡೆಯುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ಆ ಮುಖ ನೋಡಿದರೆ ಸಿಟ್ಟೂ ಬರುವುದಿಲ್ಲ.

ಇದು ಕ್ಯಾಲ್ಸಿಯಂ ಅಲ್ಲ ಮಾರಾಯ್ತಿ, ಕ್ಯಾಲ್ಸಿಯಂ ತಡೆಯುವ ಮಾತ್ರೆ... ಇಡೀ ವಾಕ್ಯ ತಲೆಯಲ್ಲಿ ಸಿದ್ಧವಾಗಿದೆ. ಬಾಯಿಗೆ ಬರುತ್ತಿಲ್ಲ. 'ಮಾತ್ರೆ' ಎಂಬ ಶಬ್ದ ಹುಡುಕುತ್ತೇನೆ, ಇಲ್ಲ. 'ಬಾಗಿಲು' ಹುಡುಕುತ್ತೇನೆ, ಅದೂ ಇಲ್ಲ. ಬೆವರಿ ಹೋದೆ.

ಕೊನೆಗೆ ಸಿಕ್ಕಿದ್ದು ಒಂದೇ ಶಬ್ದ.

"ಹಲ್ಗಿ."

ಅಬ್ಬಿಯ ಕೈ ನಿಂತಿತು. ಅಷ್ಟು ದಿನಗಳಲ್ಲಿ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ನಾನು ಖಾಲಿ ಅಂಗೈ ತೋರಿಸಿ ಮತ್ತೆ ಅಂದೆ, "ಹಲ್ಗಿ... ಹಲ್ಗಿ."

ಉಪ್ಪು ನೀರು ಹೊಕ್ಕ ಗದ್ದೆಯನ್ನು ತನ್ನ ಕಾಲಲ್ಲಿ ತುಳಿದವಳು ಅವಳು. ನನ್ನ ಅಂಗೈ ಹಿಡಿದುಕೊಂಡಳು.

"ಈ ಮಾತ್ರೆ ಹಲ್ಗಿ ಅಂತ್ಯಾ? ಒಳ್ಗ್ ಬಪ್ಪುದನ್ನ ತಡೂದಾ?"

ತಲೆ ಆಡಿಸಿದೆ. ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟಿದ್ದ ಮಾತ್ರೆ ತರಲು ಅಬ್ಬಿ ಓಡಿದಳು. ನೀರು ತಂದು ತಾನೇ ನುಂಗಿಸಿದಳು. ಮತ್ತೆ ಒಂದು ಹೊತ್ತೂ ತಪ್ಪಿಸಲಿಲ್ಲ.

ಮಾತು ನಿಧಾನಕ್ಕೆ ಮರಳಿತು. ಈಗ ಅಂಗಡಿಗೆ ಬಂದವರು ಮತ್ತೆ ಹೆದರುವಷ್ಟು ಮಾತಾಡುತ್ತೇನೆ. ಆದರೂ ಕೆಲವು ಶಬ್ದ, ಕೆಲವರ ಹೆಸರು ಬರಲೇ ಇಲ್ಲ.

ಅವು ರಕ್ತನಾಳ ಒಡೆದ ದಿನವೇ ಹೋದವೋ, ಮಾತ್ರೆ ತಪ್ಪಿದ ಆ ಬೆಳಿಗ್ಗೆ ಮಧ್ಯಾಹ್ನದ ನಡುವೆ ಹೋದವೋ... ಯಾರಿಗೆ ಗೊತ್ತು. ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ.

ನಾನು ಮಾತಿನ ನಡುವೆ ತಡವರಿಸಿದಾಗಲೆಲ್ಲ ಅಬ್ಬಿ ಕೇಳುತ್ತಾಳೆ, "ಅದ್ ನನ್ನಿಂದ ಹೋದ್ದಾ ಹೆಣೆ?"

"ಇಲ್ಲ ಅಬ್ಬಿ, ಅದ್ ಮೊದ್ಲೇ ಹೋಯಿತ್ತ್" ಅನ್ನುತ್ತೇನೆ, ಗೊತ್ತಿದ್ದವಳ ಹಾಗೆ. ನೀವಾದರೆ ಬೇರೆ ಏನು ಹೇಳುತ್ತಿದ್ದಿರಿ?