ತುಳುವಿನ ಎರಡು 'ನಾವು'

ಕನ್ನಡದಲ್ಲಿ 'ನಾವು' ಎಂದರೆ ನಾವು, ಅಲ್ಲಿಗೆ ಮುಗಿಯಿತು. ತುಳುವಿನಲ್ಲಿ ಅಷ್ಟು ಸುಲಭವಲ್ಲ. ಎದುರಿಗಿರುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಹೊರಗಿಟ್ಟರೆ 'ಎಂಕುಲು'. 'ನಮ ಪೋಯಿ' ಎಂದರೆ ನೀನೂ ಬಾ, ಹೋಗೋಣ. 'ಎಂಕುಲು ಪೋಪ' ಎಂದರೆ ನಾವು ಹೊರಟೆವು, ನೀನು ಇಲ್ಲೇ ಇರು. ಮಾತು ಬಂದಂದಿನಿಂದ ಎರಡನ್ನೂ ಆಡುತ್ತ ಬಂದವಳು ನಾನು. ಆದರೆ ಅವುಗಳ ನಡುವೆ ಒಂದು ಬಾಗಿಲು ಇದೆ ಎಂದು ಹೊಳೆದದ್ದು ಪರದೇಶದ ಒಬ್ಬರಿಗೆ ಅದನ್ನು ಕಲಿಸುವಾಗ.

ಅದು ತೊಂಬತ್ತರ ದಶಕದ ಕೊನೆ. ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಸಂಜೆ ಅಲ್ಲಿಂದ ಉಡುಪಿಗೆ ಇಳಿದು, ಇನ್ನೊಂದು ಬಸ್ಸು ಹಿಡಿದು ಕಾಪುವಿನ ಮನೆಗೆ ಬರುತ್ತಿದ್ದೆ. ಮಣಿಪಾಲದ ಬಸ್ಸಿನಲ್ಲಿ ಆಫ್ರಿಕಾದ ಒಬ್ಬರು ದಿನವೂ ಕಾಣಸಿಗುತ್ತಿದ್ದರು. ಅವರ ಪಕ್ಕದ ಸೀಟು ಖಾಲಿ ಇರುತ್ತಿತ್ತು, ಜನ ನಿಂತುಕೊಂಡೇ ಹೋಗುತ್ತಿದ್ದರು. ಒಂದು ದಿನ ನಾನು ಕೂತೆ. ದೊಡ್ಡ ಮನಸ್ಸಿನಿಂದ ಕೂತದ್ದೇನಲ್ಲ, ಕಾಲು ನೋಯುತ್ತಿತ್ತು. ಅವರ ಕೈಯಲ್ಲಿ ಸವೆದ ಒಂದು ಬೈಬಲ್ ಇತ್ತು, ನಾವು ವೇದಪುಸ್ತಕ ಅನ್ನುವುದು. ನಮ್ಮದೂ ತಲೆಮಾರುಗಳಿಂದ ಪ್ರೊಟೆಸ್ಟೆಂಟ್ ಮನೆ. ಹಾಗೆ ಮಾತು ಶುರುವಾಯಿತು.

ಸಾರ್ವಜನಿಕ ಆರೋಗ್ಯ ಓದಲು ಬಂದವರು ಅವರು. ಅವರ ದೇಶದಲ್ಲಿ ವರ್ಷಗಟ್ಟಲೆ ಒಳಯುದ್ಧ ನಡೆದು ಆಗಷ್ಟೇ ತಣ್ಣಗಾಗಿತ್ತು. ಅವರೂ ಅವರ ಚರ್ಚ್ ಸಭೆಯ ಕೆಲವು ಗೆಳೆಯರೂ ಸೇರಿ, ಒಬ್ಬೊಬ್ಬರು ಒಂದೊಂದು ವಿದ್ಯೆ ಕಲಿತು ಹಿಂತಿರುಗುವುದು, ದೇವರ ವಾಕ್ಯದ ಆಧಾರದ ಮೇಲೆ ದೇಶವನ್ನು ಮತ್ತೆ ಕಟ್ಟುವುದು ಎಂದು ಮಾತು ಕೊಟ್ಟುಕೊಂಡಿದ್ದರು. ಮಾರುಕಟ್ಟೆಯಲ್ಲಿ ಎಲ್ಲರಿಗೂ ಒಂದೇ ತೂಕ, ನ್ಯಾಯ ಹೇಳುವವನಿಗೆ ಲಂಚವಿಲ್ಲ, ಬೆಳೆ ಕೊಯ್ಯುವಾಗ ಹೊಲದ ಅಂಚು ಬಡವರಿಗೆ, ಹೀಗೆ ಅವರು ಹೇಳುತ್ತ ಹೋಗುತ್ತಿದ್ದರು. ನನಗೆ ಒಳಗೊಳಗೇ ಅನುಮಾನ. ಮಸೀದಿಯ ಬಾಂಗೂ ಮಾರಿಗುಡಿಯ ಗಂಟೆಯೂ ಕೇಳುವ ಊರಿನವಳು ನಾನು. ಒಂದೇ ಪುಸ್ತಕದ ಮೇಲೆ ದೇಶ ಕಟ್ಟಿದರೆ ಆ ಪುಸ್ತಕ ಒಪ್ಪದವರ ಗತಿ ಏನು ಎಂದು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಪುಸ್ತಕವೇ ಪರದೇಶಿಯನ್ನು ಊರಿನವನಂತೆ ನೋಡು ಅನ್ನುತ್ತದೆ. ಅವನಿಗೆ ಜಾಗ ಇಲ್ಲದಿದ್ದರೆ ನಾವು ಕಟ್ಟಿದ್ದು ದೇಶವಲ್ಲ, ಬರೀ ಗೋಡೆ," ಎಂದರು. ನಾನು ಬಸ್ಸಿನಲ್ಲಿ ಅವರಿಗೆ ಹೇಳಿಕೊಡುತ್ತಿದ್ದ ತುಳು ಪಾಠಕ್ಕೆ ಹೊರಳಿದೆ. ಹೆಬ್ರಿ, ಬೆಳ್ಮಣ್ ಕಡೆಯ ಮನೆಮನೆಗೆ ಹೋಗಿ ಆರೋಗ್ಯದ ವಿಷಯ ಕೇಳುವ ಕೆಲಸ ಇದ್ದುದರಿಂದ ಅವರಿಗೆ ತುಳು ಬೇಕಿತ್ತು. ಅಂದು ಕಲಿಸಿದ್ದೇ 'ನಮ' ಮತ್ತು 'ಎಂಕುಲು'. ಅವರು ಎರಡನ್ನೂ ಬಾಯಲ್ಲಿ ಹೊರಳಿಸಿ ನೋಡಿ, "ನಮ್ಮ ಕಡೆ ಎಂಕುಲು ಅನ್ನುವವರೇ ಎಲ್ಲ. ನಮ ಅನ್ನುವವರು ಬೇಕಿತ್ತು," ಎಂದರು.

ಅದಾಗಿ ಕೆಲವು ದಿನಗಳಲ್ಲಿ ಅವರು ಮನೆ ಹುಡುಕುತ್ತಿರುವುದು ತಿಳಿಯಿತು. ಅವರು ಹೊರಟುಬಂದ ಮೇಲೆ ಊರಲ್ಲಿ ಹೆಣ್ಣುಮಗು ಹುಟ್ಟಿತ್ತು, ಇನ್ನೂ ಮುಖ ನೋಡಿರಲಿಲ್ಲ. ಹೆಂಡತಿ ಮಗುವನ್ನು ಕರಕೊಂಡು ಬರಲು ತಯಾರಿದ್ದಳು, ಅವರಿದ್ದ ಉಡುಪಿಯ ಹಾಸ್ಟೆಲಿನಲ್ಲಿ ಸಂಸಾರಕ್ಕೆ ಜಾಗವಿಲ್ಲ. ಮಣಿಪಾಲದಲ್ಲಿ ಕೇಳಿದ ಕಡೆಯೆಲ್ಲ 'ಫ್ಯಾಮಿಲಿಗೆ ಮಾತ್ರ' ಎನ್ನುತ್ತಿದ್ದರಂತೆ. ಫ್ಯಾಮಿಲಿ ಬರುತ್ತಿದೆ ಎಂದರೆ, ಬಂದ ಮೇಲೆ ನೋಡುವ ಎನ್ನುತ್ತಿದ್ದರಂತೆ. ಮನೆಯಿಲ್ಲದೆ ಫ್ಯಾಮಿಲಿ ಬರುವುದು ಎಲ್ಲಿಗೆ?

ನಮ್ಮ ಮನೆಯ ಮಹಡಿ ಖಾಲಿ ಇತ್ತು. ನಿವೃತ್ತ ಹೆಡ್ಮಾಸ್ಟ್ರಾದ ಅಪ್ಪ ಆಸೆಪಟ್ಟು ಕಟ್ಟಿಸಿದ ಎರಡು ಕೋಣೆ, ಒಂದು ಅಡುಗೆಮನೆ, ಹೊರಗಿನಿಂದ ಮೆಟ್ಟಿಲು. ಗೇಟಿನಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡನ್ನೂ ತಮ್ಮ ದುಂಡಕ್ಷರದಲ್ಲಿ ಬರೆದು ತೂಗುಹಾಕಿದ್ದರು. ನಾನು ಎದೆಯುಬ್ಬಿಸಿಕೊಂಡು ಅವರನ್ನು ಮನೆಗೆ ಕರೆದೆ. ನಮ್ಮ ಅಪ್ಪ ಇದ್ದಾರಲ್ಲ, ಸಭೆಯ ಹಿರಿಯರು, ಮಿಶನ್ ಕೆಲಸ ಅಂದರೆ ಜೀವ ಬಿಡುವವರು! ನಾನು ಚಿಕ್ಕವಳಿದ್ದಾಗ ನಮ್ಮ ಕಪಾಟಿನ ಮೇಲೆ ಮಿಶನ್ ಡಬ್ಬಿ ಇತ್ತು, ಅದರ ಮೇಲೆ ಕೈಜೋಡಿಸಿದ ಆಫ್ರಿಕಾದ ಮಗುವಿನ ಚಿತ್ರ. ಅದಕ್ಕೆ ಚಿಲ್ಲರೆ ಹಾಕಿ ಪ್ರಾರ್ಥಿಸದೆ ಅಪ್ಪ ನಮ್ಮನ್ನು ಮಲಗಲು ಬಿಡುತ್ತಿರಲಿಲ್ಲ.

ಅವರು ಬಂದ ದಿನ ಅಮ್ಮ ಕಾರ್ಕಳದ ತವರಿಗೆ ಹೋಗಿದ್ದರು. ನಾನೇ ಚಹಾ ತಂದೆ. ಅಪ್ಪ ತುಂಬಾ ಪ್ರೀತಿಯಿಂದ ಮಾತಾಡಿಸಿದರು, ಅವರ ದೇಶದ ಬಗ್ಗೆ ಕೇಳಿ ಕಣ್ಣು ಒದ್ದೆ ಮಾಡಿಕೊಂಡರು. ಮನೆಯ ವಿಷಯ ಬಂದಾಗ ಮಾತ್ರ ಕನ್ನಡಕ ತೆಗೆದು ಒರೆಸತೊಡಗಿದರು.

"ಎಂತ ಮಾಡುವುದು, ನೀವು ಸ್ವಲ್ಪ ತಡ ಮಾಡಿದಿರಿ," ಎಂದರು. "ಮುಂಬಯಿಯಲ್ಲಿ ನನ್ನ ಅಕ್ಕ ಇದ್ದಾಳೆ. ಕಾಲಿನ ಆಪರೇಶನ್ ಆಗಿದೆ, ಹುಷಾರಿಲ್ಲ. ಇಲ್ಲೇ ಬಂದು ಇರ್ತಾಳಂತೆ."

ಅಪ್ಪನಿಗೆ ಅಕ್ಕನೇ ಇಲ್ಲ. ಒಬ್ಬನೇ ಮಗ ಎಂದು ಅಜ್ಜಿ ಅವರನ್ನು ಎಷ್ಟು ಮುದ್ದು ಮಾಡಿ ಕೆಡಿಸಿದ್ದರು ಎಂಬುದು ನಮ್ಮ ಮನೆಯ ನಿತ್ಯದ ತಮಾಷೆ. ಟ್ರೇ ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ. ಇಲ್ಲದ ಅಕ್ಕನ ಕಾಲಿಗೆ ಮನೆ ಕೇಳಲು ಬಂದವರು ಎಷ್ಟು ಮರುಗಿದರೆಂದರೆ, ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಹೋದ ಮೇಲೆ ಅಪ್ಪ ಹೋಗಿ ಬೋರ್ಡು ಬಿಚ್ಚಿ ತಂದು ಮಂಚದಡಿ ಇಟ್ಟರು. "ನನಗೇನಿಲ್ಲ ಮಾರಾಯ್ತಿ, ನಾಳೆ ಅಕ್ಕಪಕ್ಕದವರು ಎಂತ ಹೇಳ್ತಾರೆ?" ಎಂದರು. ನಾನೂ ಅಮ್ಮನಿಗೆ ಈ ವಿಷಯ ಬಾಯಿ ಬಿಡಲಿಲ್ಲ. ಹೇಳಿದರೆ ಅದು ನಿಜವೇ ಆಗಿಬಿಡುತ್ತದೆ ಎಂದು ಹೆದರಿದ್ದೆನೋ ಏನೋ.

ಬೇಸರ ಮಾಡಿಕೊಂಡು ದೂರ ಹೋಗಿದ್ದರೆ ಒಳ್ಳೆಯದಿತ್ತು. ಅವರು ಮುಂದಿನ ಭಾನುವಾರದಿಂದ ನಮ್ಮ ಊರಿನ ಕ್ರೈಸ್ತ ದೇವಾಲಯಕ್ಕೇ ಬರತೊಡಗಿದರು. ಊರಿಗೆ ಅವರು 'ಆಫ್ರಿಕಾದವ'. ಇಡೀ ಖಂಡವನ್ನೇ ಪಾಪ ಒಬ್ಬರ ಹೆಗಲ ಮೇಲೆ ಹೊರಿಸಿದ್ದೆವು. ವರ್ಷದ ಮಿಶನ್ ಭಾನುವಾರ ಹತ್ತಿರ ಬಂದಾಗ ಸಭಾಪಾಲಕರು ಅವರನ್ನೇ ಉಪದೇಶದ ಪ್ರಸಂಗಕ್ಕೆ ನಿಲ್ಲಿಸಿದರು. ಇಂಗ್ಲಿಷಿನಿಂದ ತುಳುವಿಗೆ ಅನುವಾದ ಮಾಡಲು ಅಪ್ಪನನ್ನು ಬಿಟ್ಟರೆ ಇನ್ಯಾರು? ಅಪ್ಪ ಅದರಲ್ಲಿ ಹೆಸರುವಾಸಿ.

ವೇದಪುಸ್ತಕದಲ್ಲಿ ಬರುವ, ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಎತ್ತಿಸಿದವನ ಕಥೆಯನ್ನು ಅವರು ಆರಿಸಿಕೊಂಡಿದ್ದರು. ಆ ಮನುಷ್ಯ ಕಲ್ಲು ಕೇಳುವ ಮೊದಲು, ಮರ ಕೇಳುವ ಮೊದಲು, ನಾನೂ ನನ್ನ ತಂದೆಯ ಮನೆಯವರೂ ತಪ್ಪಿದ್ದೇವೆ ಎಂದು ಒಪ್ಪಿಕೊಂಡ ಎಂದರು. ನನ್ನ ತಂದೆಯ ಮನೆ ಎಂದ ಕೂಡಲೇ ನನಗೆ ಮುಚ್ಚಿದ ಆ ಮಹಡಿ ಕಣ್ಣಿಗೆ ಬಂತು. ಆಮೇಲೆ ಅವರು, ನಾವು ಪರದೇಶಿಗೆ ಬಾಗಿಲು ಮುಚ್ಚಿದೆವು, ನಾವು ಬಣ್ಣ ನೋಡಿ ಕುಲ ನೋಡಿ ಜಾಗ ಕೊಟ್ಟೆವು, ನಾವು ದೇವರ ಹೆಸರು ಹೇಳಿ ನೆರೆಯವನನ್ನು ಹೊರಗಿಟ್ಟೆವು ಎನ್ನುತ್ತ ಹೋದರು. ಅಪ್ಪ ಒಂದೊಂದನ್ನೂ ತುಳುವಿಗೆ ತಂದರು. ಎಲ್ಲ ಕಡೆ 'ಎಂಕುಲು'. ಒಂದು ಸಲವೂ 'ನಮ' ಇಲ್ಲ.

ಸಭೆಗೆ ಕೇಳಿಸಿದ್ದು ಏನೆಂದರೆ, ನಾವು ಆಫ್ರಿಕಾದವರು ಹೀಗೆಲ್ಲ ಮಾಡಿದೆವು, ನಿಮಗೂ ಇದಕ್ಕೂ ಸಂಬಂಧವಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಂದಿನ ಬೆಂಚಿನವರು ನನ್ನ ಭುಜ ತಟ್ಟಿ, "ಎಂಥ ಜನ ಅಲ್ವಾ! ನಮ್ಮ ಹಳೆ ಸೀರೆ ಕೊಟ್ಟರೆ ಅಲ್ಲಿಯವರು ಉಡ್ತಾರಾ?" ಎಂದು ಪಿಸುಗುಟ್ಟಿದರು. ಎರಡೂ ಭಾಷೆ ಕಿವಿಗೆ ಬೀಳುತ್ತಿದ್ದ ನನಗೆ ಬೆಂಚಿನ ಕೆಳಗೆ ತೂರಿಕೊಳ್ಳುವ ಹಾಗಾಯಿತು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಚಹಾ, ಬನ್ಸ್. ಅವರು ನೇರ ಅಪ್ಪನ ಹತ್ತಿರ ಬಂದರು. ನಾನು ಬಸ್ಸಿನಲ್ಲಿ ಕಲಿಸಿದ ತುಳುವಿನಲ್ಲಿ, ಒಂದೊಂದೇ ಶಬ್ದ ಹುಡುಕಿ, ಮೆತ್ತಗೆ ಹೇಳಿದರು: "ಮಾಸ್ಟ್ರೇ, ಯಾನ್ ಪಂಡಿನಿ ಎಂಕುಲು ಅತ್ತ್. ನಮ."

ಅಂದರೆ, 'ನಾನು ಹೇಳಿದ್ದು ಎಂಕುಲು ಅಲ್ಲ, ನಮ.' ಅಪ್ಪ ಕೈಯಲ್ಲಿದ್ದ ಚಹಾ ಲೋಟವನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಜೋರಾಗಿ ನಕ್ಕು ಅವರ ಬೆನ್ನು ತಟ್ಟಿ, "ಕೇಳಿದಿರಾ, ಇವರಿಗೆ ತುಳು ಬರ್ತದೆ!" ಎಂದು ಎಲ್ಲರನ್ನೂ ಕರೆದರು. ಜನ ಮುತ್ತಿಕೊಂಡರು. ನೀರಿಗೆ ಎಂತ ಹೇಳ್ತಾರೆ ಹೇಳಿ, ಮೀನಿಗೆ ಎಂತ ಹೇಳ್ತಾರೆ ಹೇಳಿ ಎಂದು ಒಬ್ಬೊಬ್ಬರೇ ಕೇಳಿದರು. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು, ಜನ ಚಪ್ಪಾಳೆ ತಟ್ಟಿದರು. ಮೂರು ವರ್ಷದ ಮಗುವಿನ ಹತ್ತಿರ ಪದ್ಯ ಹೇಳಿಸುವ ಹಾಗೆ ಇತ್ತು ಅದು. ಹೇಳಬೇಕಾದ ಒಂದು ಮಾತನ್ನು ಅವರು ಆಗಲೇ ಹೇಳಿ ಮುಗಿಸಿದ್ದರು, ನಾವು ಅದನ್ನು ಬನ್ಸಿನ ಜೊತೆ ನುಂಗಿಬಿಟ್ಟೆವು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಾವಾಗಿಯೇ ತೆಗೆದರು. "ನಾನು ತಪ್ಪು ಹೇಳಲಿಲ್ಲ. ನಾವು ಪಾಪ ಮಾಡಿದ್ದೇವೆ ಅಂತ ಪ್ರಾರ್ಥನೆಯಲ್ಲಿ ಹೇಳುವಾಗ ಎಂಕುಲು ಅಂತಲೇ ಅಲ್ವಾ ಹೇಳುವುದು?"

"ಅದು ದೇವರ ಹತ್ತಿರ ಹೇಳುವಾಗ ಅಪ್ಪ. ದೇವರು ಪಾಪ ಮಾಡಲಿಲ್ಲವಲ್ಲ, ಅದಕ್ಕೆ ಅವನನ್ನು ಬಿಟ್ಟು ಹೇಳುವುದು. ಇವರು ನಮ್ಮ ಹತ್ತಿರ ಹೇಳಿದ್ದು."

ಅಪ್ಪ ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಅಮ್ಮ ಸಾರು ತರಲು ಒಳಗೆ ಹೋದಾಗ, ಮಹಡಿಯನ್ನು ಈಗಲಾದರೂ ಅವರಿಗೆ ಕೊಡುವ ಎಂದು ಕೇಳಿದೆ. "ಈಗ ಹೇಗೆ ಕೊಡುವುದು?" ಎಂದರು ಅಪ್ಪ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ. "ಅಕ್ಕ ಇಲ್ಲ ಅಂತ ಗೊತ್ತಾಗ್ತದಲ್ಲ." ಮನೆ ಕೊಡದಿರಲು ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ಈಗ ಮನೆಯನ್ನೇ ಕೊಡಬಾರದಾಯಿತು. ಬೇರೆಯವರಿಗೆ ಕೊಡಲೂ ಬಾಯಿ ಕಟ್ಟಿತ್ತು. ಆ ಎರಡು ಕೋಣೆಗಳು ಇಲ್ಲದ ಅಕ್ಕನಿಗಾಗಿ ಖಾಲಿ ಬಿದ್ದಿದ್ದವು. ಬೇರೆಲ್ಲೂ ಮನೆ ಸಿಗದೆ ಅವರ ಹೆಂಡತಿ ಬರಲೇ ಇಲ್ಲ. ಮಗು ನಡೆಯಲು ಕಲಿತದ್ದು, ಮೊದಲ ಮಾತು ಆಡಿದ್ದು, ಎಲ್ಲವನ್ನೂ ಅವರು ಎಸ್‌ಟಿಡಿ ಬೂತಿನಲ್ಲಿ ನಿಂತು ಕೇಳಿ ತಿಳಿದುಕೊಂಡರು. ಬಸ್ಸಿನಲ್ಲಿ ನನಗೆ ಹೇಳುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೇಳುತ್ತಿದ್ದೆ.

ಓದು ಮುಗಿಸಿ ದೇಶಕ್ಕೆ ಹೊರಡುವ ಮುನ್ನ ಅವರು ಹೇಳಿಹೋಗಲು ಮನೆಗೆ ಬಂದರು. ಆಗ ಇಸವಿ ಎರಡು ಸಾವಿರ ದಾಟಿತ್ತು. ಅಮ್ಮ ಒಳಗೆ ನೀರ್‌ದೋಸೆ ಎರೆಯುತ್ತಿದ್ದರು. ಅಪ್ಪ ಬನ್ನಿ ಬನ್ನಿ ಎಂದು ಸಡಗರದಿಂದ ಕೂರಿಸಿದರು. ಮುಚ್ಚಿದ್ದ ಮಹಡಿಯ ಕಿಟಕಿಯನ್ನು ಅವರು ಬರುವಾಗಲೇ ನೋಡಿದ್ದರು ಎಂದು ಕಾಣುತ್ತದೆ.

"ನಿಮ್ಮ ಅಕ್ಕ ಹೇಗಿದ್ದಾರೆ ಮಾಸ್ಟ್ರೇ? ಬರಲಿಕ್ಕೇ ಆಗಲಿಲ್ಲವಾ?" ಎಂದು ಕೇಳಿದರು. "ಅವರಿಗಾಗಿ ನಾನು ದಿನಾ ಪ್ರಾರ್ಥಿಸುತ್ತಿದ್ದೇನೆ. ನಮ್ಮ ಊರಿನ ಸಭೆಗೂ ಹೇಳಿದ್ದೆ. ನನ್ನ ಹೆಂಡತಿ ಪ್ರತಿ ಭಾನುವಾರ ಎದ್ದು ನಿಂತು ಅವರ ಕಾಲಿಗಾಗಿ ಬೇಡಿಕೊಳ್ಳುತ್ತಾಳೆ."

ನಾನು ಅವರ ಮುಖವನ್ನೇ ನೋಡಿದೆ. ಅಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಸುಟ್ಟ ಊರಿನ ಒಂದು ಸಭೆ, ತಲೆಯ ಮೇಲೆ ಸರಿಯಾಗಿ ಸೂರು ಇದ್ದಿತೋ ಇಲ್ಲವೋ, ನಮ್ಮ ಸುಳ್ಳಿನ ಕಾಲು ವಾಸಿಯಾಗಲೆಂದು ಇಷ್ಟು ದಿನ ಮೊಣಕಾಲೂರಿತ್ತು. ಆ ಸುಳ್ಳಿನಿಂದಲೇ ಗಂಡನನ್ನು ಸೇರಲಾಗದ ಹೆಂಗಸು ಅದಕ್ಕಾಗಿ ಎದ್ದು ನಿಲ್ಲುತ್ತಿದ್ದಳು.

ಅಪ್ಪ ಕನ್ನಡಕ ತೆಗೆದರು. "ಈಗ... ಹುಷಾರುಂಟು," ಎಂದರು.

ಅವರ ಮುಖ ಅರಳಿತು. ಅಲ್ಲೇ ಎದ್ದು, ನಮ್ಮಿಬ್ಬರ ಕೈಗಳನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಕಲಿತ ತುಳುವಿನಲ್ಲೇ ಪ್ರಾರ್ಥಿಸಿದರು. ಅಕ್ಕನ ಕಾಲು ಗುಣವಾದದ್ದಕ್ಕೆ ದೇವರಿಗೆ ವಂದನೆ ಹೇಳಿದರು. ದೇವರ ಹತ್ತಿರ ಹೇಳುವಾಗ ಯಾವುದು ಸರಿಯೋ ಅದನ್ನೇ ಹೇಳಿದರು: ಎಂಕುಲು. ಆ ಎಂಕುಲುವಿನೊಳಗೆ ಅವರ ಜೊತೆ ಅಪ್ಪನನ್ನೂ ನನ್ನನ್ನೂ ಸೇರಿಸಿಕೊಂಡಿದ್ದರು.

ಪ್ರಾರ್ಥನೆ ಮುಗಿಯಿತು. ದೋಸೆ ಎರೆಯುವ ಸದ್ದಿನಲ್ಲಿ ಅವರ ಕೊನೆಯ ಆಮೆನ್ ಮಾತ್ರ ಕೇಳಿಸಿದ, ಏನೂ ಅರಿಯದ ಅಮ್ಮ ಒಳಗಿನಿಂದಲೇ ದೊಡ್ಡ ದನಿಯಲ್ಲಿ ಆಮೆನ್ ಅಂದರು. ನಮ್ಮಿಬ್ಬರಿಗೆ ಬಾಯಿ ಬರಲಿಲ್ಲ.