ಮೊಂಟಾನಾಕ್ಕೆ ಹೋಗುವವರು ಮೊದಲು ನಂಜಕ್ಕನ ಬೆಂಚಿನ ಮೇಲೆ ಕೂರಬೇಕು

ನಂಜನಗೂಡು ಬಸ್ ನಿಲ್ದಾಣದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಮ್ಮರಗಾಲದ ಮೊದಲ ಬಸ್ಸು ಗುಡುಗುಡು ಅನ್ನುತ್ತಾ ನಿಂತಿದೆ. ಅದರ ಬಾಗಿಲಲ್ಲಿ, ಚಳಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಂಕುಳಲ್ಲಿ ಪುಸ್ತಕಗಳನ್ನು ಅವುಚಿಕೊಂಡು, ಶಿವನಂಜಮ್ಮ ಕಂಡಕ್ಟರನ ಜೊತೆ ಜಗಳಕ್ಕೆ ನಿಂತಿದ್ದಾರೆ.

"ಮೊನ್ನೆ ಕೊಟ್ಟಿದ್ನಲ್ಲಪ್ಪ, ಹಾಲಿನ ಡೈರೀಲಿ ಕೊಡು ಅಂತ. ಎಲ್ಲೋಯ್ತು ಅದು?"

"ಮರ್ತೋಯ್ತು ನಂಜಕ್ಕ. ಸೀಟಿನ ಕೆಳಗೇ ಇತ್ತು. ವಾಪಸ್ ತಂದಿವ್ನಿ, ತಕೊ."

"ನಿನ್ ಟಿಕೆಟ್ ಚೀಲ ಮರ್ತಿದ್ದೀಯಾ ಯಾವತ್ತಾರ?"

"ಅದ ಮರ್ತ್ರೆ ಕೆಲ್ಸ ಓಯ್ತದೆ ಕಣಕ್ಕ."

"ಇದ ಮರ್ತ್ರೆ ಊರ ಮಾನ ಹೋಯ್ತದೆ. ಹಿಡಿ."

ಕಂಡಕ್ಟರ್ ಪುಸ್ತಕವನ್ನು ಹಿಡಿಯುತ್ತಾನೆ. ಡ್ರೈವರ್ ಕಿಟಕಿಯಿಂದ ಇಣುಕಿ, "ಅಮೇರಿಕಾಕ್ಕೆ ಪಾರ್ಸಲ್ಲು ಕಣ್ಲಾ, ಉಷಾರು!" ಎಂದು ನಗುತ್ತಾನೆ. ಶಿವನಂಜಮ್ಮ ನಗುವುದಿಲ್ಲ. ಪಕ್ಕದಲ್ಲಿ ದೇವನೂರಿನ ಬಸ್ಸು ಹೊರಡುತ್ತಿದೆ, ಅದರತ್ತ ಓಡುತ್ತಾರೆ.

ನಿಲ್ದಾಣದ ಹಿಂದಿನ ಓಣಿಯಲ್ಲಿ ಕೃಷಿಕರ ಕೂಟದ ಓದುಕೊಠಡಿ ಇದೆ. ಶಿವನಂಜಮ್ಮ ಅಲ್ಲಿ ಬಾಗಿಲು ತೆರೆಯುವವರು, ಕಸ ಗುಡಿಸುವವರು, ಪತ್ರಿಕೆ ಜೋಡಿಸುವವರು, ಪುಸ್ತಕ ಕೊಡುವವರು. ಈ ಎಲ್ಲ ಕೆಲಸಕ್ಕೂ ಸೇರಿ ಅಟೆಂಡರ್ ಎಂದು ಒಂದೇ ಹೆಸರು. ವಯಸ್ಸು ಐವತ್ತರ ಹತ್ತಿರ. ಹಳ್ಳಿಗಳಿಂದ ಓದುಗರು ಬರುವುದಿಲ್ಲ ಎಂದು ಅರ್ಥವಾದ ಮೇಲೆ ಪುಸ್ತಕಗಳನ್ನೇ ಬಸ್ಸು ಹತ್ತಿಸಲು ಶುರು ಮಾಡಿದವರು. ಬೆಳಗಿನ ಬಸ್ಸಿನಲ್ಲಿ ಹೋಗುತ್ತವೆ, ಡೈರಿಯಲ್ಲೋ ಟೀ ಅಂಗಡಿಯಲ್ಲೋ ಇಳಿಯುತ್ತವೆ, ಬಂದರೆ ಸಂಜೆಯ ಬಸ್ಸಿನಲ್ಲಿ ಬರುತ್ತವೆ.

ಎರಡು ಸಾವಿರದ ಮೂರರ ಈ ಜನವರಿಯಲ್ಲಿ ಅವರ ಸಿಡುಕಿಗೆ ಕಾರಣವಿದೆ. ಅಮೆರಿಕದ ಪಶ್ಚಿಮ ಭಾಗದ ಮೊಂಟಾನಾ ಎಂಬ ರಾಜ್ಯದ ಹಳ್ಳಿಗಾಡಿಗೆ ಕೂಟದ ನಾಲ್ಕು ಜನ ಹೊರಟಿದ್ದಾರೆ. ಅಲ್ಲಿಯ ರೈತರ ಮನೆಗಳಲ್ಲಿ ಮೂರು ವಾರ ಇದ್ದು, ಅವರ ಬೇಸಾಯ ನೋಡಿ ಬರಬೇಕು. ಡಿಸೆಂಬರಿನಲ್ಲಿ ಆ ಕಡೆಯವರು ಇಲ್ಲಿಗೆ ಬರುತ್ತಾರೆ. ಹೋಗುವವರು ಹೋಗುವ ಮುನ್ನ ಆ ಸೀಮೆಯ ಬಗ್ಗೆ ಮೂರು ಪುಸ್ತಕವನ್ನಾದರೂ ಓದಬೇಕು ಎಂಬುದು ಶಿವನಂಜಮ್ಮನ ಹಟ. ಓದುವುದಿಲ್ಲ ಎಂಬುದು ಹೋಗುವವರ ಹಟ. ಬಾಯಲ್ಲಿ ಮಾತ್ರ ಯಾರೂ ಹಾಗೆ ಹೇಳುವುದಿಲ್ಲ.

"ಇಲ್ಲ ಅಂದ್ಬುಟ್ರೆ ಪರವಾಗಿಲ್ಲ ಸಾ. ಬೈದು ಸುಮ್ನಾಗಬೋದು. ಹೂಂ ಹೂಂ ಅಂತಾರಲ್ಲ, ಅದೇ ಉರಿಯೋದು," ಎಂದು ಶಿವನಂಜಮ್ಮ ಇದನ್ನು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾರೆ.

ಹಟಕ್ಕೆ ಹಿನ್ನೆಲೆಯಿದೆ. ತೊಂಬತ್ತೆಂಟರ ಜನವರಿಯಲ್ಲಿ ಅಲ್ಲಿಂದ ಬಂದವರ ಪೈಕಿ ಡೊರೊತಿ ಎಂಬ ಮುದುಕಿ ಇದ್ದಳು. ನೂರಾರು ದನ ಸಾಕುವ ಮನೆಯ ಯಜಮಾನಿ. ಅವಳು ಈ ಕೊಠಡಿಗೆ ಬಂದು, ನಮ್ಮ ಸೀಮೆಯ ಬಗ್ಗೆ ಇಲ್ಲಿ ಏನಾದರೂ ಇದೆಯೇ ಎಂದು ಕೇಳಿದಳು. ಏನೂ ಇರಲಿಲ್ಲ. ಕೆಲವು ತಿಂಗಳ ಮೇಲೆ ಹಡಗಿನ ಅಂಚೆಯಲ್ಲಿ ಒಂದು ರಟ್ಟಿನ ಡಬ್ಬ ಬಂತು, ತುಂಬ ಪುಸ್ತಕಗಳು. ದನದ ಮನೆಯ ಹೆಂಗಸೊಬ್ಬಳು ತನ್ನ ಸಂಸಾರದ ಬಗ್ಗೆ ಬರೆದದ್ದು ಒಂದು. ಹಿಂದೊಮ್ಮೆ ಬಿದ್ದ ಹಿಮಕ್ಕೆ ಸೀಮೆಯ ದನವೆಲ್ಲ ನಿಂತಲ್ಲೇ ಸತ್ತ ಕಥೆ ಇನ್ನೊಂದು. ಬಿಳಿಯರು ಬರುವ ಮೊದಲು ಆ ನೆಲದಲ್ಲಿದ್ದ ಬುಡಕಟ್ಟಿನವನೊಬ್ಬ ಬರೆದದ್ದು ಮತ್ತೊಂದು. ಹೀಗೆ.

ಎಲ್ಲವೂ ಇಂಗ್ಲಿಷಿನಲ್ಲಿ. ಶಿವನಂಜಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದವರು. ಗಂಡ ರೇಷ್ಮೆ ಕಾರ್ಖಾನೆಯಲ್ಲಿದ್ದು ಬೇಗ ತೀರಿಕೊಂಡರು, ಇವರು ಕೊಠಡಿ ಗುಡಿಸಲು ಬಂದರು. ದಿನಾ ಪತ್ರಿಕೆ ಓದಲು ಬರುತ್ತಿದ್ದ ನಿವೃತ್ತ ಮೇಷ್ಟ್ರು ಶಿವಮಲ್ಲಪ್ಪನವರು ಪೊರಕೆ ಕೆಳಗಿಡಿಸಿ ಇಂಗ್ಲಿಷ್ ಹೇಳಿಕೊಟ್ಟರು. ಈಗ ಮೇಷ್ಟ್ರಿಗೆ ಕಣ್ಣು ಮಂಜು, ಪತ್ರಿಕೆಯನ್ನು ಇವರೇ ಓದಿ ಹೇಳುತ್ತಾರೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ತಡವರಿಸುತ್ತಾ, ಆ ಡಬ್ಬದ ಪುಸ್ತಕಗಳನ್ನು ಓದಿದ್ದಾರೆ. ಅಧ್ಯಾಯದ ಸಾರವನ್ನು ಕನ್ನಡದಲ್ಲಿ ಬರೆದು ಪುಸ್ತಕದೊಳಗೆ ಅಂಟಿಸಿದ್ದಾರೆ.

ತಪ್ಪೂ ಮಾಡಿದ್ದಾರೆ. ಅಲ್ಲಿನ ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುತ್ತದೆ ಎಂದು ಪುಸ್ತಕದಲ್ಲಿದ್ದದ್ದನ್ನು ಅಚ್ಚಿನ ತಪ್ಪು ಎಂದು ತೀರ್ಮಾನಿಸಿದ್ದರು.

"ಇವರ ಮಾತು ಕೇಳ್ಕೊಂಡು ಒಂದು ಮಫ್ಲರ್ ಸುತ್ಕೊಂಡು ಹೋಗಿದ್ದೆ. ವಿಮಾನ ಇಳಿದ ತಕ್ಷಣ ಕಿವಿ ಇದೆಯೋ ಇಲ್ವೋ ಮುಟ್ಟಿ ನೋಡ್ಕೋಬೇಕಾಯ್ತು," ಎನ್ನುತ್ತಾರೆ ಬಿಳಿಗೆರೆಯ ಬಸವೇಶ್. ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಹೋದ ಮೊದಲ ತಂಡದಲ್ಲಿ ಅವರಿದ್ದರು.

"ಅದೊಂದು ಹಿಡ್ಕೊಂಡವ್ರೆ. ಮಿಕ್ಕಿದ್ದು ಓದಿದ್ರಾ?" ಎಂದು ಶಿವನಂಜಮ್ಮ ಮೂಲೆಯಿಂದಲೇ ತಿರುಗೇಟು ಕೊಡುತ್ತಾರೆ.

ಓದಿರಲಿಲ್ಲ. ಬಸವೇಶ್ ಅದನ್ನು ಮುಚ್ಚಿಡುವುದಿಲ್ಲ. ತಂಡ ಇಳಿದುಕೊಂಡದ್ದು ಡೊರೊತಿಯ ಮನೆಯಲ್ಲೇ. "ಎಂಟ್ನೂರು ಹಸ ಸಾರ್! ಕಣ್ಣು ಹಾಯೋವರೆಗೂ ಹಸ. ಎಷ್ಟು ಲೀಟ್ರು ಕರೀತೀರಿ ಅಂದೆ. ಕರೆಯೋದೇ ಇಲ್ಲ ಅಂದ್ರು. ಪೂರ್ತಿ ಹಾಲು ಕರೂಗೇ ಬಿಡ್ತಾರಲ್ಲ, ಎಂಥ ಧರ್ಮಿಷ್ಠರಪ್ಪ ಅಂದ್ಕೊಂಡೆ. ಎರಡು ದಿನ ಕೈ ಮುಗಿದಿದ್ದೇ ಮುಗಿದಿದ್ದು. ಕಾಫಿಗೆ ಹಾಲು ಮಾತ್ರ ಅಂಗಡಿ ಡಬ್ಬದ್ದು. ಆಗಲೂ ಹೊಳೀಲಿಲ್ಲ."

ಮೂರನೆಯ ದಿನ ಸಂಜೆ, ಊಟದ ಮೇಜಿನ ಮೇಲೆ, ಆ ದನಗಳನ್ನು ಸಾಕುವುದು ಮಾಂಸಕ್ಕೆ ಎಂದು ಯಾರೋ ಬಿಡಿಸಿ ಹೇಳಿದರು. ಬಸವೇಶ್ ತಟ್ಟೆ ಬಿಟ್ಟು ಎದ್ದರು. ಅವರಿಗೆಂದೇ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಹುರುಳಿಕಾಯಿ ಬೇಯಿಸಿದ್ದ ಡೊರೊತಿ ಬಾಗಿಲಲ್ಲಿ ಬಿಕ್ಕುತ್ತಾ ನಿಂತಳು. ತಂಡ ಬೇರೆ ಮನೆಗೆ ಹೋಯಿತು. ಆಮೇಲೆ ಮೂರು ವರ್ಷ ಆ ಕಡೆಯಿಂದ ಆಹ್ವಾನ ಬರಲಿಲ್ಲ.

"ನಮ್ಮಲ್ಲಿ ಎಲೆ ಮುಂದಿಂದ ಎದ್ರೆ ಏನರ್ಥ? ಶತ್ರು ಮನೇಲೂ ಹಂಗೆ ಏಳಕಿಲ್ಲ," ಎನ್ನುತ್ತಾರೆ ಶಿವನಂಜಮ್ಮ. "ತಿನ್ಬೇಡಿ, ಯಾರು ತಿನ್ನಿ ಅಂದ್ರು? ಎಲ್ಲಾ ಆ ದನದ ಮನೆ ಹೆಂಗಸು ಬರ್ದ ಪುಸ್ತಕದಲ್ಲಿತ್ತು. ಎರಡನೇ ಅಧ್ಯಾಯ."

ಕೊರಳಲ್ಲಿ ಲಿಂಗ ಕಟ್ಟಿದ ಅವರಿಗೂ ಆ ಅಧ್ಯಾಯ ಸುಲಭವಾಗಿರಲಿಲ್ಲ. ಕರುಗಳನ್ನು ಲಾರಿಗೆ ತುಂಬುವ ಪುಟ ಬಂದಾಗ ಪುಸ್ತಕ ಮುಚ್ಚಿಟ್ಟು ಬಹಳ ದಿನ ಮುಟ್ಟಲಿಲ್ಲವಂತೆ. "ಆಮೇಲೆ ಅನ್ನಿಸ್ತು, ಓದೋದು ಅಂದ್ರೆ ಉಣ್ಣೋದಾ? ಅವಳು ಬದುಕಿದ್ದು ಅವಳು ಬರ್ದವ್ಳೆ. ಕೇಳೋಕೆ ನಂಗೇನು ಕಷ್ಟ ಅಂತ ಮತ್ತೆ ತೆಗ್ದೆ."

ಕಳೆದ ದಸರಾ ಹೊತ್ತಿಗೆ ಮತ್ತೆ ಆಹ್ವಾನ ಬಂದಿದೆ. ಇನ್ನೊಮ್ಮೆ ಮನಸ್ಸು ಮುರಿದರೆ ಮುಗಿಯಿತು. ಕೂಟದಿಂದ ಹೆಣ್ಣುಮಕ್ಕಳು ಹೋಗುತ್ತಿರುವುದೂ ಇದೇ ಮೊದಲು. ಹೆಮ್ಮರಗಾಲದಲ್ಲಿ ಕುರಿ ಸಾಕುವ ರೋಜಾ ಈ ತಂಡದಲ್ಲಿದ್ದಾಳೆ. ದಲಿತ ಕೇರಿಯಿಂದ ಕೂಟಕ್ಕೆ ಬಂದವರೇ ಕಡಿಮೆ, ವಿಮಾನ ಹತ್ತುವವಳು ಇವಳೊಬ್ಬಳೇ. "ಗಂಡಸ್ರು ನಡುವೆ ಎದ್ದು ಬಂದು ಕೆಡಿಸಿದ್ರೆ ಈ ಹುಡುಗಿ ದಾರೀನೂ ಮುಚ್ತದೆ. ಇವಳ ಹಿಂದೆ ಬರೋರ್ದೂ ಮುಚ್ತದೆ," ಎನ್ನುವಾಗ ಶಿವನಂಜಮ್ಮನ ದನಿ ಮೊದಲ ಬಾರಿಗೆ ಇಳಿಯುತ್ತದೆ.

ಪುಸ್ತಕ ಕಳಿಸುವಾಗ ಅವರದೊಂದು ಪದ್ಧತಿ ಇದೆ. ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಒಣಗಿದ ಬಾಳೆನಾರಿನಿಂದ ಕಟ್ಟಿ, ಒಂದು ಗಂಟು ಹಾಕುತ್ತಾರೆ. ತವರಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯಿಂದ ಕಲಿತ ಗಂಟು. ಬಿಚ್ಚುವುದು ಸುಲಭ, ಆದರೆ ಮತ್ತೆ ಹಾಗೇ ಹಾಕಲು ಬೇರೆಯವರಿಗೆ ಬಾರದು. ವಾಪಸ್ ಬಂದ ಪುಸ್ತಕವನ್ನು ತೂಗಿ ನೋಡುವಂತೆ ಕೈಯಲ್ಲಿ ಹಿಡಿದು ಮೊದಲು ಗಂಟು ನೋಡುತ್ತಾರೆ. ಹೆಚ್ಚಿನವು ಹೋದ ಹಾಗೇ ಬರುತ್ತವೆ.

ಹೊರಡುವ ದಿನ ಬೆಳಿಗ್ಗೆ ಬೆಂಗಳೂರಿಗೆ ಹೋಗುವ ವ್ಯಾನು ಓಣಿಯ ಬಾಯಲ್ಲಿ ನಿಂತಿದೆ. ಕೂಟದಲ್ಲಿ ಬೀಗವಿರುವ ಬೀರು ಒಂದೇ, ಅದು ಓದುಕೊಠಡಿಯದು. ಹಾಗಾಗಿ ನಾಲ್ವರ ಪಾಸ್‌ಪೋರ್ಟೂ ಅದರೊಳಗಿವೆ. ಬೀಗದ ಕೈ ಶಿವನಂಜಮ್ಮನ ಸೊಂಟದಲ್ಲಿದೆ.

ಕೂಟದ ಕಾರ್ಯದರ್ಶಿ ಗಂಗಾಧರಸ್ವಾಮಿ ಅವಸರದಲ್ಲಿದ್ದಾರೆ. "ಶಿವನಂಜಮ್ಮಾರೇ, ಬೀರು ತೆಗೀರಿ."

"ತೆಗೀತೀನಿ ಸ್ವಾಮಿ. ಪುಸ್ತಕ ಮೊದ್ಲು."

ತಿ. ನರಸೀಪುರದ ಕಡೆಯಿಂದ ಬಂದ ಭತ್ತ ಬೆಳೆಯುವ ದಂಪತಿ ಒಂದು ಪುಸ್ತಕ ಮೇಜಿನ ಮೇಲಿಡುತ್ತಾರೆ. ಗಂಡ, "ಇವಳು ಓದವ್ಳೆ," ಎನ್ನುತ್ತಾನೆ. ಹೆಂಡತಿ, "ನಾನೆಲ್ಲಿ, ನೀವು ಓದ್ತೀನಿ ಅಂತ ತಲೆದಿಂಬಿನ ಪಕ್ಕ ಮಡಗಿರ್ಲಿಲ್ವಾ?" ಎನ್ನುತ್ತಾಳೆ.

ದೇವನೂರಿನ ಬಾಳೆ ಬೆಳೆಗಾರ ಸಿದ್ದರಾಜು ತನ್ನದನ್ನು ಎರಡೂ ಕೈಯಲ್ಲಿ ಕೊಡುತ್ತಾನೆ.

"ಓದಿದ್ಯೇನೋ?"

"ಓದ್ದೆ ಕಣಕ್ಕ. ಬೋ ಚೆಂದಾಗದೆ."

"ಏನದೆ ಅದರಲ್ಲಿ?"

"ಅದೇ... ಕುದ್ರೆ. ದೊಡ್ ದೊಡ್ ಟೋಪಿ. ಕುದ್ರೆ ಮ್ಯಾಲೆ ಓಯ್ತಾರೆ."

"ಗಂಟೇ ಬಿಚ್ಚಿಲ್ವಲ್ಲೋ. ಕುದುರೆ ಹೆಂಗೆ ಆಚೆಗೆ ಬಂತು?"

ಬಾಗಿಲಲ್ಲಿ ನಿಂತವರೆಲ್ಲ ಗೊಳ್ಳೆನ್ನುತ್ತಾರೆ. ಸಿದ್ದರಾಜು ತಲೆ ಕೆರೆಯುತ್ತಾನೆ. "ಬಾಳೆಗೆ ರೋಗ ಬಿದ್ದದೆ ಅಕ್ಕ. ಔಸ್ತಿ ಒಡೀತಾ ಕುಂತಿದ್ದೆ. ಟೈಮೆಲ್ಲದೆ?"

ರೋಜಾ ತನ್ನದನ್ನು ಕೊಡುತ್ತಾಳೆ. ನಾರು ಬಿಚ್ಚಿದೆ, ಮೇಲಿನ ಹಾಳೆ ಹರಿದಿದೆ, ಪುಸ್ತಕಕ್ಕೆ ಕುರಿ ವಾಸನೆ ಹತ್ತಿದೆ. ಬುಡಕಟ್ಟಿನವನು ಬರೆದ ಪುಸ್ತಕ. "ನೀವು ಅಂಟ್ಸಿದ್ದ ಕನ್ನಡ ಓದ್ದೆ ಅಕ್ಕ, ಇಂಗ್ಲಿಷ್ ಅರ್ದಂಬರ್ದ. ಅವರ್ದೇ ನೆಲ ಕಿತ್ಕೊಂಡು ಅವರ್ನ ಆಚೆಗಾಕವ್ರೆ. ನಮ್ ಕೇರಿ ಇಲ್ವಾ, ಅಂಗೆ. ಆ ಜಾಗಕ್ಕೂ ಕರ್ಕೊಂಡೋಯ್ತಾರಾ ಅಂತ ಕೇಳ್ತೀನಿ."

"ಕೇಳು. ಕೇಳೇ ಕೇಳು," ಎನ್ನುತ್ತಾರೆ ಶಿವನಂಜಮ್ಮ.

ಗಂಗಾಧರಸ್ವಾಮಿ ಗಡಿಯಾರ ನೋಡಿಕೊಳ್ಳುತ್ತಾರೆ. "ಇದೇನು ಪರೀಕ್ಷೆನೇನ್ರಿ? ವ್ಯಾನು ಕಾಯ್ತಾ ಅದೆ."

"ಕಾಯ್ಲಿ ಬಿಡಿ. ಹೋದ್ಸಲದ್ದಕ್ಕೆ ಮೂರೊರ್ಷ ಕಾದಿಲ್ವಾ ನಾವು? ಎಲ್ರೂ ಕೂತ್ಕೊಳ್ಳಿ. ನೀವೂ ಕೂತ್ಕೊಳ್ಳಿ ಸ್ವಾಮಿ."

ಬೇರೆ ದಾರಿ ಇಲ್ಲ. ಬೀಗದ ಕೈ ಅವರ ಬಳಿ ಇದೆ. ಕಾರ್ಯದರ್ಶಿಯೂ ಸೇರಿ ಐವರೂ ಗೋಡೆಬದಿಯ ಬೆಂಚಿನ ಮೇಲೆ ಕೂರುತ್ತಾರೆ. ಶಿವನಂಜಮ್ಮ ಸಿದ್ದರಾಜುವಿನ ಪುಸ್ತಕದ ಗಂಟನ್ನು ತಾವೇ ಬಿಚ್ಚಿ, ಅದೇ ಎರಡನೆಯ ಅಧ್ಯಾಯ ತೆಗೆದು, ಇಂಗ್ಲಿಷಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳತೊಡಗುತ್ತಾರೆ.

ಹಸುಗಳು ಈಯುವ ಕಾಲ. ಹಿಮ ಬೀಳುತ್ತಿದೆ. ಬಯಲಲ್ಲಿ ಹುಟ್ಟಿದ ಒಂದು ಕರು ಮರಗಟ್ಟಿ ಬಿದ್ದಿದೆ. ಗಂಡ ಅದನ್ನು ಹೊತ್ತು ತಂದು ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ ಮಲಗಿಸುತ್ತಾನೆ. ಹೆಂಡತಿ ತನ್ನ ಮಗುವಿನ ಕಂಬಳಿಯಲ್ಲಿ ಉಜ್ಜಿ ಉಜ್ಜಿ ಬಿಸಿ ಮಾಡುತ್ತಾಳೆ. ಬಾಯಿಗೆ ಬೆರಳಿಟ್ಟರೆ ತಣ್ಣಗಿದೆ. ಬೆಳಗಾಗುವ ಹೊತ್ತಿಗೆ ಕರು ಎದ್ದು ನಿಂತು ಕುರ್ಚಿಯ ಕಾಲಿಗೆ ಹಾಯುತ್ತದೆ. ಮನೆಯವರೆಲ್ಲ ನಗುತ್ತಾರೆ. ಮುಂದಿನ ಚಳಿಗಾಲದೊಳಗೆ ಲಾರಿ ಬರುತ್ತದೆ. ಬಲಿತ ಕರುಗಳ ಜೊತೆ ಅದೂ ಹತ್ತುತ್ತದೆ. ಆ ದಿನ ಗಂಡ ಮನೆಯಲ್ಲಿ ಮಾತಾಡುವುದಿಲ್ಲ. ಹೆಂಡತಿಯೂ ಮಾತಾಡಿಸುವುದಿಲ್ಲ. ಅವರ ಒಂದು ವರ್ಷದ ಬದುಕು ಆ ಲಾರಿಯಲ್ಲಿದೆ.

ಸಿದ್ದರಾಜು "ಥೂ" ಅನ್ನುತ್ತಾನೆ.

"ಥೂ ಅನ್ಬೇಡಣ್ಣ," ರೋಜಾ ತಿರುಗುತ್ತಾಳೆ. "ನಮ್ ತಾತನೂ ದನ ತಿಂದೋನೇ. ಅವ್ನು ಉತ್ತ ಒಲದ ರಾಗೀನ ನಿಮ್ಮಂಥೋರ ಅಟ್ಟೀಲಿ ಉಣ್ತಿರ್ಲಿಲ್ವಾ?"

ವ್ಯಾನಿನವನು ಎರಡು ಸಲ ಹಾರನ್ ಹೊಡೆಯುತ್ತಾನೆ. ಯಾರೂ ಏಳುವುದಿಲ್ಲ. ಸಿದ್ದರಾಜು ನೆಲ ನೋಡುತ್ತಾ ಕೇಳುತ್ತಾನೆ:

"ಆ ಕರೂಗೆ ಎಸ್ರು ಮಡಗಿದ್ರಾ ಅಕ್ಕ?"

"ಬರ್ದಿಲ್ಲ ಕಣಪ್ಪ."

"ಮಡಗಿರ್ತಾರೆ. ಒಲೆ ಪಕ್ದಲ್ಲಿ ಮಲಗ್ಸಿದ್ ಮ್ಯಾಕೆ ಮಡಗ್ದೆ ಇರಾಕಾಯ್ತದಾ? ಬರೆಯಾಕೆ ಮನ್ಸು ಬಂದಿರಾಕಿಲ್ಲ." ಹಾಗೇ ಮುಂದುವರಿಸುತ್ತಾನೆ, "ನಮ್ಮಪ್ಪ ಮುದಿ ಎತ್ತ ಸಂತೆಗೆ ಒಡ್ಕೊಂಡೋದ ದಿನ ಅಂಗೇ ಕುಂತಿದ್ದ, ಜಗಲಿ ಮ್ಯಾಲೆ. ಯಾರ್ಗೆ ಮಾರ್ದೆ ಅಂತ ನಾವ್ ಕೇಳ್ಳಿಲ್ಲ." ತಲೆ ಎತ್ತುತ್ತಾನೆ. "ನಾನು ತಿನ್ನಾಕಿಲ್ಲ ಅಕ್ಕ. ಅದು ನನ್ ಕೈಲಾಗಕಿಲ್ಲ. ಆದ್ರೆ ಎದ್ದೂ ಬರಾಕಿಲ್ಲ. ಆಯಮ್ಮ ಮಾಡಿದ್ ಆಲೂಗೆಡ್ಡೆ ಉಂಡು, ಅಲ್ಲೇ ಕುಂತಿರ್ತೀನಿ."

ಶಿವನಂಜಮ್ಮ ಹೊಗಳುವುದಿಲ್ಲ. "ಇಷ್ಟು ಹೇಳೋಕೆ ವ್ಯಾನು ಬಾಗಿಲಿಗೆ ಬರ್ಬೇಕಾಯ್ತಲ್ಲೋ," ಎಂದು ಗೊಣಗುತ್ತಾ ಸೊಂಟದಿಂದ ಬೀಗದ ಕೈ ತೆಗೆಯುತ್ತಾರೆ.

ಪಾಸ್‌ಪೋರ್ಟುಗಳು ಕೈ ಸೇರುತ್ತವೆ. ದಂಪತಿ ನಾಚಿಕೊಂಡು ತಮ್ಮ ಪುಸ್ತಕವನ್ನು ವಾಪಸ್ ಕೇಳಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ವಿಮಾನದಲ್ಲಿ ಓದುತ್ತಾರಂತೆ. "ಓದಿದ್ರೆ ನೋಡಾನ," ಎನ್ನುತ್ತಾರೆ ಶಿವನಂಜಮ್ಮ. ವ್ಯಾನು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿರುತ್ತಾರೆ. ನೀವೂ ಹೋಗಿಬರಬೇಕು ಎಂದು ಯಾರೂ ಅವರಿಗೆ ಹೇಳಿದ್ದಿಲ್ಲ. ಆಸೆಯಿಲ್ಲವೇ ಎಂದರೆ ಕೈ ಅಲ್ಲಾಡಿಸಿಬಿಡುತ್ತಾರೆ. ಅವರಿಗೆ ಬೇಕಾಗಿರುವುದು ಬೇರೆ.

"ಡಿಸೆಂಬರಿಗೆ ಅವರು ಇಲ್ಲಿಗೆ ಬತ್ತಾರಲ್ಲ ಸಾ. ನಮ್ಮನ್ನ ನೋಡೋಕೆ ಬರೋರಿಗೆ, ಮೊದ್ಲು ಇದನ್ನ ಓದ್ಕೊಂಡು ಬನ್ನಿ ಅಂತ ಕಳಿಸೋಕೆ ನಮ್ಮ ಕಡೇದು ಒಂದು ಪುಸ್ತಕ ಇಂಗ್ಲಿಷಲ್ಲಿ ಬೇಕು. ಬಾಳೆ ರೋಗ, ರೋಜಾ ಕೇರಿ, ಎಲೆ ಮುಂದೆ ಕೂರೋದು, ಎಲ್ಲಾ ಇರ್ಬೇಕು. ಯಾರಾದ್ರೂ ಬರ್ದುಕೊಟ್ರೆ ಸಾಕು, ಕಳ್ಸೋ ಕೆಲ್ಸ ನಂದು." ಒಳಗೆ ಹೋಗಿ ಬೆಂಚನ್ನು ಗೋಡೆಗೆ ನೂಕುತ್ತಾ ಒಂದು ಮಾತು ಸೇರಿಸುತ್ತಾರೆ: "ದಪ್ಪ ಮಾತ್ರ ಇರ್ಬಾರ್ದು. ಅವರೂ ನಮ್ಮೋರ ಥರಾನೇ, ಓದಕಿಲ್ಲ."