ಕಾಯಿ ಮುಟ್ಟದ ತಪ್ಪಿಗೆ

ಓಟು ನಾನು ಹಾಕಿದ್ದು ನಮ್ಮ ಭಾವನಿಗೇ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕೆಂದರೆ ಆ ವರ್ಷ ನಮ್ಮೂರು ಮೆಣಸೆಯಲ್ಲಿ ಯಾರಿಗೂ ಹೇಳಲಿಲ್ಲ, ಕಟ್ಟಿಕೊಂಡ ಗಂಡನಿಗೂ.

ಭಾವ ಅಂದರೆ ಗಂಡನ ಅಣ್ಣ. ಊರಿಗೆ ಮೊಬೈಲ್ ಸಿಗ್ನಲ್ ಬಂದ ಹೊಸತು. ಪಂಚಾಯ್ತಿ ಮೆಂಬರೊಬ್ಬರು ತೀರಿಕೊಂಡು, ಮಳೆ ಹಿಡಿಯುವ ಹೊತ್ತಿಗೆ ಉಪಚುನಾವಣೆ ಬಂತು, ಭಾವ ನಿಂತರು. ಬಾಯಿ ಬಿಟ್ಟರೆ ಗದರಿಕೆ, ಒಳ್ಳೆ ಮಾತು ಅವರ ಜಾತಕದಲ್ಲೇ ಇಲ್ಲ. ಆದರೆ ಎದುರಿಗೆ ನಿಂತವನು ಶುದ್ಧ ದಂಡಪಿಂಡ, ಶೃಂಗೇರಿ ಪೇಟೆಯ ಹೋಟೆಲಿನಲ್ಲಿ ಕೂತರೆ ಏಳುವವನಲ್ಲ. ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ.

ಭಾವ ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಓಟಿನ ಹಿಂದಿನ ದಿನ ಕುಟುಂಬದವರನ್ನೆಲ್ಲ ಚೌಡಿಯ ಬನಕ್ಕೆ ಕರೆಸಿ, ಕಲ್ಲಿನ ಮುಂದೆ ಕುಂಕುಮ ಹಚ್ಚಿದ ತೆಂಗಿನಕಾಯಿ ಇಟ್ಟರು. ಒಬ್ಬೊಬ್ಬರೂ ಅದನ್ನು ಮುಟ್ಟಿ, ಓಟು ನಿಮಗೇ ಅಂತ ಆಣೆ ಹಾಕಬೇಕಂತೆ. ಭಾವನ ಹೆಂಡತಿ, ನನ್ನ ಓರಗಿತ್ತಿ, ಎಲ್ಲರಿಗಿಂತ ಮೊದಲು ಮುಟ್ಟಿ ಬಂದಳು. ನನ್ನ ಗಂಡನೂ ತಲೆ ತಗ್ಗಿಸಿಕೊಂಡು ಮುಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯ್ತು. ಇವರ ಮನೆಯ ಬಾಣಂತನ, ತಿಥಿ, ಎಲ್ಲದಕ್ಕೂ ಸೊಂಟ ಮುರಿದು ದುಡಿದವಳು ನಾನು. ನನ್ನ ಬಾಯಿಮಾತು ಸಾಲದೆ ದೇವರನ್ನು ಕಾವಲಿಗೆ ನಿಲ್ಲಿಸ್ತಾರಾ?

"ಓಟು ಕೇಳಿ ಭಾವ, ಆಣೆ ಕೇಳಬೇಡಿ," ಅಂದು ಮನೆಗೆ ಬಂದೆ.

ಭಾವ ಸೋತರು. ಸೋಲನ್ನು ನನ್ನ ತಲೆಗೇ ಕಟ್ಟಿದರು. ಕಾಯಿ ಮುಟ್ಟದವಳು ಇವಳೊಬ್ಬಳೇ, ಇನ್ನೇನು ಸಾಕ್ಷಿ ಬೇಕು? ಡೈರಿಗೆ ಹಾಲು ಕೊಡಲು ಹೋದರೆ ನನ್ನನ್ನು ಕಂಡ ಕೂಡಲೇ ಮಾತು ನಿಲ್ಲುತ್ತಿತ್ತು. ನಿಲ್ಲಲಿ, ನನ್ನ ಗಂಟೇನು ಹೋಯ್ತು ಅಂದುಕೊಂಡೆ. ಅಷ್ಟರಲ್ಲಿ ಭತ್ತದ ನಟ್ಟಿ ಬಂತು. ನಮ್ಮಲ್ಲಿ ನಟ್ಟಿ ನಡೆಯುವುದು ಮುಯ್ಯಾಳಿನ ಮೇಲೆ. ನಾನು ನಿಮ್ಮ ಗದ್ದೆಗೆ ಬಂದರೆ ನೀವು ನನ್ನ ಗದ್ದೆಗೆ ಬರಬೇಕು. ಕುಟುಂಬದವರೆಲ್ಲರ ಗದ್ದೆಯಲ್ಲೂ ನಾನು ಕೆಸರು ತುಳಿದು ನೆಟ್ಟು ಮುಗಿಸಿದ್ದೆ. ಆಗ ಯಾರೂ ಬೇಡ ಅನ್ನಲಿಲ್ಲ, ಪುಕ್ಕಟೆ ಕೈ ಯಾರಿಗೆ ಬೇಡ! ನಮ್ಮ ಸರದಿಗೆ ಸಸಿ ಕಿತ್ತು, ಕಟ್ಟು ಕಟ್ಟಿ, ಬದುವಿನ ಮೇಲಿಟ್ಟು ಕಾದರೆ ಒಂದು ನರಪಿಳ್ಳೆಯೂ ಬರಲಿಲ್ಲ. ಕಿತ್ತ ಸಸಿ ಎಷ್ಟು ದಿನ ತಡೆಯುತ್ತದೆ?

ಗಂಡ ಬೇಡಿಕೊಂಡರು. ಅಣ್ಣನಿಗೇ ಹಾಕಿದೆ ಅಂತ ಚೌಡಿ ಮುಂದೆ ಒಂದು ಮಾತು ಹೇಳಿಬಿಡು ಮಾರಾಯ್ತಿ, ನಾಳೆಯೇ ಎಲ್ಲ ಬರ್ತಾರೆ, ವರ್ಷದ ಅನ್ನ ಇದು, ಅಂದರು. ಹೇಳಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಹೇಳಿಸುವುದಕ್ಕೆ ಇವರು ಯಾರು? ಆಗುವುದಿಲ್ಲ ಅಂದೆ. ಅವರು ಸಿಟ್ಟಿನಲ್ಲಿ ಊಟ ಬಿಟ್ಟು ಮಲಗಿದರು. ನಾನು ಚೆನ್ನಾಗಿಯೇ ಉಂಡೆ.

ಮರುದಿನ ಅವರು ಬೇಗಾರು ಊರಿನಲ್ಲಿ ಕೂಲಿಯಾಳು ಹುಡುಕಲು ಹೋದರು, ನಾನೊಬ್ಬಳೇ ಗದ್ದೆಗಿಳಿದೆ. ಸ್ವಲ್ಪ ಹೊತ್ತಿಗೆ ಓರಗಿತ್ತಿ ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು, ನನ್ನ ಪಕ್ಕ ಬಗ್ಗಿದಳು. ಭಾವ ಕೊಪ್ಪ ಪೇಟೆಗೆ ಹೋಗಿದ್ದರಂತೆ, ಅವರು ಬರುವುದರೊಳಗೆ ಮನೆ ಸೇರಬೇಕಂತೆ. ನನಗೇನೂ ಕರುಳು ಕರಗಲಿಲ್ಲ. ಒಂದು ಸಾಲು ಮುಗಿದ ಮೇಲೆ ತಲೆ ಎತ್ತದೆ ಹೇಳಿದಳು:

"ನಾನೇ ಹಾಕಲಿಲ್ಲ ಕಣೆ ಅವರಿಗೆ. ಈಗಲೇ ಇಷ್ಟು ಗದರ್ತಾರೆ, ಮೆಂಬರ್ ಆದ್ರೆ ನನ್ನ ಬದುಕೋಕೆ ಬಿಡ್ತಾರಾ?"

ನಾನು ಹಾಕಿದ್ದೆ ಅನ್ನುವ ಮಾತು ನಾಲಿಗೆ ತುದಿಗೆ ಬಂತು, ನುಂಗಿದೆ. ನಾನು ತಿಂದ ಬೈಗುಳವೆಲ್ಲ ಇವಳಿಗೆ ಸಿಗಬೇಕಾದದ್ದು, ಜುಟ್ಟು ಹಿಡಿದು ಕೆಸರಿಗೆ ಅದ್ದಬೇಕು ಅನ್ನಿಸಿತು. ಇನ್ನೊಂದು ಕಟ್ಟು ಬಿಚ್ಚಿ ಅವಳ ಕೈಗೆ ಕೊಟ್ಟೆ. ಗಂಡನಿಗೆ ಆಳು ಸಿಗಲಿಲ್ಲ. ಇಬ್ಬರೇ ನೆಟ್ಟಷ್ಟು ಉಳಿಯಿತು, ಮಿಕ್ಕ ಸಸಿ ಕೊಳೆತುಹೋಯ್ತು. ಭಾವ ಇವತ್ತಿಗೂ ನನ್ನ ಮುಖ ನೋಡುವುದಿಲ್ಲ, ಓಟು ಹಾಕದವಳು ಬಡಿಸಿದ್ದನ್ನು ಉಂಡು ಆರಾಮಾಗಿದ್ದಾರೆ.